ಮೋಟಾರ್ ಸೈಕಲ್ಲಿನ ಫೋರ್ಕೂ ಅದರ ಕವಚವೂ: ಒಂದು ಐತಿಹಾಸಿಕ ವಿವೇಚನೆ

ವಾಹನಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಎಂಜಿನ್ನಿನ ಶಕ್ತಿಗೂ ವೇಗಕ್ಕೂ ಪ್ರಾಧಾನ್ಯವನ್ನಿತ್ತಿರುವರು. ರಸ್ತೆಯ ಹೊಡೆತವನ್ನು ತಾಳಿಕೊಳ್ಳುವ ಸಸ್ಪೆನ್ಷನ್ ಭಾಗಗಳನ್ನು ಧೂಳು, ಕಲ್ಲುಚೂರು, ನೀರು ಇವುಗಳಿಂದ ಕಾಪಾಡಿದ ಬಗೆಯಾದರೋ ಅಷ್ಟಾಗಿ ವಿವೇಚನೆಗೆ ಒಳಗಾಗಿಲ್ಲ. ಈ ರಕ್ಷಣಾಕ್ರಮದ ಏರಿಳಿತಗಳನ್ನು ಯಂತ್ರದ ಸುಧಾರಣೆಯೊಂದರಿಂದಲೇ ವಿವರಿಸಲಾಗದು, ರಸ್ತೆಯ ಚರಿತ್ರೆಯನ್ನೂ ಜೊತೆಗಿಟ್ಟು ನೋಡಬೇಕು ಎಂಬುದನ್ನು ಪ್ರಕೃತ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

ಮೊದಲ ಕಾಲದ ಮೋಟಾರ್ ಸೈಕಲ್ಲುಗಳಲ್ಲಿ ಬಹುವಾಗಿ ಬಳಕೆಯಲ್ಲಿದ್ದುದು ಗರ್ಡರ್ ಫೋರ್ಕು. ಇದರಲ್ಲಿ ಸ್ಪ್ರಿಂಗೂ ಕೀಲುಗಳೂ ಬಯಲಿಗೆ ತೆರೆದುಕೊಂಡೇ ಇದ್ದುವು. ಕೀಲುಗಳಿಗೆ ಮೇಲಿಂದ ಮೇಲೆ ಗ್ರೀಸು ತುಂಬುವುದೇ ಇವುಗಳ ರಕ್ಷಣೆಯಾಗಿದ್ದಿತು. ಹೊಸ ಗ್ರೀಸು ಒಳಗಿನ ಮರಳನ್ನು ಹೊರಕ್ಕೆ ತಳ್ಳುತ್ತಿದ್ದಿತು. ಹಳೆಯ ಗ್ರೀಸಾದರೋ ಧೂಳಿನೊಡನೆ ಬೆರೆತು ಸಾಣೆಯ ಪುಡಿಯಂತೆ ಕೀಲನ್ನೇ ತೇಯುತ್ತಿದ್ದಿತು. ಅಂದರೆ, ಆ ಕಾಲದಲ್ಲಿ ರಕ್ಷಣೆಯ ಭಾರವೆಲ್ಲವೂ ಸವಾರನ ದುಡಿಮೆಯ ಮೇಲೆ ಬಿದ್ದಿದ್ದಿತು.

ಕೊಳವೆಯೊಳಗೆ ಕೊಳವೆ ಸರಿಯುವ ಟೆಲಿಸ್ಕೋಪಿಕ್ ಫೋರ್ಕನ್ನು ಇಂಗ್ಲೆಂಡಿನ ಆಲ್‌ಫ್ರೆಡ್ ಸ್ಕಾಟ್ 1908ರಷ್ಟು ಹಿಂದೆಯೇ ತನ್ನ ವಾಹನಕ್ಕೆ ಅಳವಡಿಸಿದ್ದನು. ಡೆನ್ಮಾರ್ಕಿನ ನಿಂಬಸ್ 1934ರಲ್ಲಿ ಇದನ್ನು ಬಳಸಿತು. ಕುಲುಕಾಟವನ್ನು ಎಣ್ಣೆಯ ಒತ್ತಡದಿಂದ ತಡೆಯುವ ಫೋರ್ಕನ್ನು ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆ 1935ರಲ್ಲಿ ಆರ್ 12, ಆರ್ 17 ಎಂಬ ವಾಹನಗಳ ಮೂಲಕ ಮಾರುಕಟ್ಟೆಗೆ ತಂದಿತು. ಬ್ರಿಟಿಷ್ ಸೇನೆಗಾಗಿ ತಯಾರಾದ ಮ್ಯಾಚ್‌ಲೆಸ್ ಜಿ3ಎಲ್ 1941ರಲ್ಲಿ ಅದೇ ದಾರಿಯನ್ನು ಹಿಡಿಯಿತು. ಇಲ್ಲಿಂದ ಮುಂದೆ ಸಮಸ್ಯೆಯ ಸ್ವರೂಪವೇ ಬದಲಾಯಿತು. ಕೀಲನ್ನು ಕಾಪಾಡುವುದರ ಬದಲು, ನುಣುಪಾದ ಉಕ್ಕಿನ ಕೊಳವೆಯ ಮುಖವನ್ನೂ ಅದರ ಮೇಲೆ ಒತ್ತಿಕೊಂಡು ಎಣ್ಣೆಯನ್ನು ತಡೆಯುವ ಆಯಿಲ್ ಸೀಲನ್ನೂ ಕಾಪಾಡಬೇಕಾಯಿತು.

ಈ ಸೀಲಿನ ಚರಿತ್ರೆಯೂ ಗಮನಾರ್ಹವಾದುದು. ಜರ್ಮನಿಯ ವೈನ್‌ಹೈಮ್‌ನಲ್ಲಿದ್ದ ಫ್ರಾಯ್ಡನ್‌ಬರ್ಗ್ ಎಂಬ ಚರ್ಮ ಹದಮಾಡುವ ಸಂಸ್ಥೆಯಲ್ಲಿ ವಾಲ್ಟರ್ ಸಿಮ್ಮರ್ ಎಂಬ ಎಂಜಿನಿಯರನು ತಿರುಗುವ ದಂಡಗಳಿಗಾಗಿ ರೂಪಿಸಿದ ಸೀಲು ಮೊದಲು ಚರ್ಮದ್ದಾಗಿದ್ದು, ಅನಂತರ ಕೃತಕ ರಬ್ಬರಿಗೆ ಮಾರ್ಪಟ್ಟಿತು. ಕೊಳವೆಗೆ ಗಟ್ಟಿ ಕ್ರೋಮಿಯಂ ಲೇಪ ಕೊಡುವ ಕ್ರಮವೂ ಬಳಕೆಗೆ ಬಂದಿತು. ಆದರೆ ಆ ಲೇಪದಲ್ಲಿ ಕಣ್ಣಿಗೆ ಕಾಣದ ಬಿರುಕುಗಳುಂಟು. ಕಲ್ಲುಚೂರು ತಗಲಿ ಲೇಪ ಸೀಳಿದಲ್ಲಿ ತೇವವು ಉಕ್ಕನ್ನು ಮುಟ್ಟುತ್ತದೆ, ತುಕ್ಕಿನ ಕುಳಿಯ ಅಂಚು ಅರದಂತೆ ಸೀಲಿನ ತುಟಿಯನ್ನು ಹರಿಯುತ್ತದೆ, ಎಣ್ಣೆ ಸೋರುತ್ತದೆ. ಒಂದು ಸಣ್ಣ ಕಲ್ಲು ಮಾಡುವ ಕೇಡಿನ ಸರಣಿ ಇಷ್ಟು.

ಇದಕ್ಕೆ ಎರಡು ಬಗೆಯ ಕವಚಗಳು ಹುಟ್ಟಿದುವು. ಒಂದು, ಸರಿಯುವ ಕೊಳವೆಯ ಸುತ್ತಲೂ ನಿಲ್ಲುವ ತಗಡಿನ ಹೊರಗೊಳವೆ. ಇನ್ನೊಂದು, ಕಮ್ಮಾರನ ತಿದಿಯಂತೆ ಮಡಿಕೆ ಮಡಿಕೆಯಾಗಿ ಕುಗ್ಗಿ ಹಿಗ್ಗುವ ರಬ್ಬರ್ ಬೂಟು. ತಗಡು ಕಲ್ಲಿನ ಏಟನ್ನು ತಡೆಯುತ್ತದೆ, ಆದರೆ ಕೆಳಗಿನಿಂದ ಎರಚಿ ಬರುವ ನೀರನ್ನು ಪೂರ್ತಿಯಾಗಿ ತಡೆಯದು. ರಬ್ಬರು ಎರಡನ್ನೂ ತಡೆಯುತ್ತದೆ, ಆದರೆ ಹರಿದರೆ ಒಳಹೊಕ್ಕ ಕೆಸರನ್ನು ಕೊಳವೆಗೇ ಅಂಟಿಸಿಟ್ಟುಕೊಂಡು, ಕವಚವಿಲ್ಲದಿರುವುದಕ್ಕಿಂತಲೂ ಹೆಚ್ಚಿನ ಹಾನಿಯನ್ನು ಮಾಡುತ್ತದೆ. ಆದುದರಿಂದ ಮಳೆಗಾಲ ಕಳೆದ ಮೇಲೆ ಬೂಟನ್ನು ಸಡಿಲಿಸಿ, ಒಳಗನ್ನು ಒರಸಿ ಒಣಗಿಸುವ ಕೆಲಸ ಉಳಿದೇ ಇರುತ್ತದೆ. ಕವಚವು ದುಡಿಮೆಯನ್ನು ತಗ್ಗಿಸಿತೇ ಹೊರತು ತಪ್ಪಿಸಲಿಲ್ಲ.

ಇಂತಹ ಕವಚಗಳು ಮುಂದೆ ಕಳಚಿಬಿದ್ದುದು ಏಕೆ? 1960ರ ದಶಕದಲ್ಲಿ ರಬ್ಬರ್ ಬೂಟು ತೊಟ್ಟಿದ್ದ ಟ್ರಯಂಫ್ ಸಂಸ್ಥೆಯ ದೊಡ್ಡ ವಾಹನಗಳು 1971ರಲ್ಲಿ ಹೊಳೆಯುವ ಕೊಳವೆಗಳನ್ನು ಬರಿದಾಗಿ ತೋರಿದುವು. ಸೀಲಿನ ತುದಿಯ ಸಣ್ಣ ಧೂಳುತಡೆಯೇ ಸಾಕೆನಿಸಿತು. ಸೀಲು ಉತ್ತಮಗೊಂಡುದೇ ಇದಕ್ಕೆ ಕಾರಣವೆಂದು ಹೇಳಬಹುದು. ಪಂದ್ಯದ ವಾಹನಗಳ ಅನುಕರಣವೂ ಅಲ್ಲಿ ಇದ್ದಿತು. ಆದರೆ ಸೀಲಿನ ಗುಣವೊಂದೇ ಕಾರಣವಾಗಿದ್ದರೆ ಕವಚವು ಎಲ್ಲೆಡೆಯೂ ಏಕಕಾಲದಲ್ಲಿ ಕಾಣೆಯಾಗಬೇಕಾಗಿತ್ತು. ಹಾಗಾಗಲಿಲ್ಲ. 1955ರಿಂದ ಮದರಾಸಿನಲ್ಲಿ ತಯಾರಾದ ಬುಲೆಟ್, ದಶಕಗಳು ಉರುಳಿದರೂ ತಗಡಿನ ಕವಚವನ್ನು ಬಿಡಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಚೆಕೊಸ್ಲೊವಾಕಿಯದ ಪರವಾನಗಿಯ ಮೇಲೆ 1961ರಿಂದ ತಯಾರಿಸಿದ 250 ಸಿ.ಸಿ. ಜಾವಾ ವಾಹನದಲ್ಲಿ ಫೋರ್ಕಿನ ಮೇಲ್ಭಾಗಕ್ಕೆ ಮಾತ್ರವಲ್ಲದೆ ಹಿಂದಿನ ಚೈನಿಗೂ ಪೂರ್ಣ ಕವಚವಿದ್ದಿತು. ಬಯಲುಸೀಮೆಯ ಧೂಳಿನಲ್ಲಿಯೂ ಮಲೆನಾಡಿನ ಕೆಂಪು ಕೆಸರಿನಲ್ಲಿಯೂ ಓಡಬೇಕಾದ ವಾಹನಕ್ಕೆ ಇವು ಅಲಂಕಾರಗಳಲ್ಲ. ಡಾಂಬರು ರಸ್ತೆ ಎಲ್ಲಿ ಹರಡಿತೋ ಅಲ್ಲಿ ಬರಿಯ ಕೊಳವೆಯ ಬೆಡಗು ಸಾಧ್ಯವಾಯಿತು. ಎಲ್ಲಿ ಹರಡಲಿಲ್ಲವೋ ಅಲ್ಲಿ ಕವಚ ಉಳಿಯಿತು ಎಂಬುದು ನಮ್ಮ ಅಭಿಪ್ರಾಯ.

ಇತ್ತೀಚಿನ ನಿದರ್ಶನಗಳೂ ಇದನ್ನು ಸಮರ್ಥಿಸುತ್ತವೆ. 1980ರ ದಶಕದಿಂದ ಹರಡಿದ ತಲೆಕೆಳಗಾದ ಫೋರ್ಕಿನಲ್ಲಿ ನುಣುಪು ಮುಖವು ಚಕ್ರದ ಬಳಿಗೇ ಇಳಿದುದರಿಂದ, ಕಚ್ಚಾ ಹಾದಿಯ ವಾಹನಗಳಲ್ಲಿ ಅದರ ಮುಂದೆ ಪ್ಲಾಸ್ಟಿಕ್ ಫಲಕವನ್ನು ನಿಲ್ಲಿಸಬೇಕಾಯಿತು. 2018ರಲ್ಲಿ ಹೊರಬಂದ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650ರಲ್ಲಿ ರಬ್ಬರ್ ಬೂಟು ಮರಳಿ ಕಾಣಿಸಿಕೊಂಡಿದೆ. ಹಳೆಯ ಚೆಲುವಿನ ಮೋಹ ಇದರಲ್ಲಿ ಇಲ್ಲವೆನ್ನಲಾಗದು. ಆದರೂ ಬೂಟು ತನ್ನ ಕೆಲಸವನ್ನು ಮಾಡಿಯೇ ಮಾಡುತ್ತದೆ.

ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿಯ ವಾಹನಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡಿರುವವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಹಳೆಯ ವಾಹನವನ್ನು ಹೊಸದಾಗಿ ಮಾಡುವ ಉತ್ಸಾಹದಲ್ಲಿ ನೆಗ್ಗಿದ ತಗಡುಗಳನ್ನು ಕಿತ್ತೆಸೆಯುವುದುಂಟು. ಆ ನೆಗ್ಗುಗಳೂ ಒಳಬದಿಗೆ ಅಂಟಿದ ಒಣಕೆಸರೂ ಒಂದು ಕಾಲದ ರಸ್ತೆಗಳನ್ನು ಕುರಿತ ಸಾಕ್ಷ್ಯಗಳೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಮರೆಯಬಾರದು. ಶಾಸನವನ್ನು ತೊಳೆಯುವ ಮುನ್ನ ಅಚ್ಚು ತೆಗೆದುಕೊಳ್ಳುವ ಎಚ್ಚರವನ್ನು ಇಂತಹ ವಸ್ತುಗಳಿಗೂ ತೋರಬೇಕು. ಅವುಗಳನ್ನು ಬಿಚ್ಚಿ ಜೋಡಿಸಿದ ಹಿರಿಯ ಮೆಕ್ಯಾನಿಕರ ಹೇಳಿಕೆಗಳನ್ನು ಅವರಿರುವಾಗಲೇ ಬರೆದಿಟ್ಟುಕೊಳ್ಳಬೇಕು. ರಸ್ತೆಯ ದಾಖಲೆ ಕಾಗದದಲ್ಲಿ ಮಾತ್ರವೇ ಇರುವುದಿಲ್ಲ.