ಮಿಹ್ರಾಬಿನ ಬಣ್ಣವೂ ಅಮಾನತ್ತೇ

ಭೂತನಾಳದವರಾದ ನಾವು ವಿಜಯಪುರದ ಜಾಮಿಯಾ ಮಸೀದಿಗೆ ಎಷ್ಟೋ ಸಲ ಹೋಗಿ ಬರುತ್ತೇವೆ. ಒಂದನೆಯ ಅಲಿ ಆದಿಲ್ ಶಾಹನ ಕಾಲದಲ್ಲಿ ಆರಂಭವಾದ ಈ ಮಸೀದಿಯ ಮಿಹ್ರಾಬಿಗೆ ಬಣ್ಣ, ಬಂಗಾರದ ಅಲಂಕಾರ ಬಂದದ್ದು ಮುಹಮ್ಮದ್ ಆದಿಲ್ ಶಾಹನ ಆಳ್ವಿಕೆಯಲ್ಲಿ, ಹಿಜರಿ 1045ರಲ್ಲಿ, ಅಂದರೆ 1636ರ ಸುಮಾರಿಗೆ. ಮಲಿಕ್ ಯಾಕೂಬ್ ಎಂಬ ಸೇವಕನ ಹೆಸರು ಅಲ್ಲಿನ ಬರಹದಲ್ಲೇ ಇದೆ. ಪುಸ್ತಕವಿಟ್ಟ ಗೂಡುಗಳು, ಹೂದಾನಿಗಳು, ಮಿನಾರುಗಳು, ತೂಗುವ ಸರಪಳಿಗಳು ಆ ಗೋಡೆಯ ಮೇಲೆ ಮೂಡಿವೆ.

ಇಂಥ ಕಲೆ ಹಾಳಾದಾಗ ಸಂರಕ್ಷಣಾ ತಜ್ಞರು ಮೊದಲು ಕುಂಚ ಹಿಡಿಯುವುದಿಲ್ಲ, ನೋಡುತ್ತಾರೆ. ದೀಪವನ್ನು ಗೋಡೆಯ ಪಕ್ಕದಿಂದ ಓರೆಯಾಗಿ ಹಿಡಿದರೆ ಎದ್ದ ಪದರ, ಸಣ್ಣ ಬಿರುಕು ಕಾಣುತ್ತವೆ. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಗಾರೆ ಒಳಗೆ ಟೊಳ್ಳಾಗಿದೆಯೇ ಎಂದು ಸದ್ದೇ ಹೇಳುತ್ತದೆ. ನೇರಳಾತೀತ ಬೆಳಕಿನಲ್ಲಿ ಹಿಂದಿನವರು ತೇಪೆ ಹಚ್ಚಿದ ಬಣ್ಣ ಬೇರೆಯಾಗಿ ತೋರಬಹುದು. ಎಲ್ಲದರ ಫೋಟೋ ತೆಗೆದು, ನಕ್ಷೆ ಬರೆದಿಡುತ್ತಾರೆ.

ನಂತರ ಕಾರಣ ಹುಡುಕುತ್ತಾರೆ. ಮಾಳಿಗೆ ಸೋರಿದರೆ ನೀರಿನ ಜೊತೆ ಉಪ್ಪು ಗೋಡೆಯ ಮೇಲಕ್ಕೆ ಬಂದು ಬಣ್ಣವನ್ನು ಉದುರಿಸುತ್ತದೆ. ಸೋರಿಕೆ ನಿಲ್ಲಿಸದೆ ಬಣ್ಣ ಹಚ್ಚಿದರೆ ಅದೂ ಉದುರುತ್ತದೆ. ಟೊಳ್ಳಾದಲ್ಲಿ ಸುಣ್ಣದ ತಿಳಿಗಾರೆಯನ್ನು ಸೂಜಿಯಿಂದ ತುಂಬುತ್ತಾರೆ. ಕೊಳೆ ತೆಗೆಯುವ ಮುನ್ನ ಅಂಗೈಗಿಂತ ಚಿಕ್ಕ ಜಾಗದಲ್ಲಿ ಪರೀಕ್ಷಿಸುತ್ತಾರೆ.

ಅವರ ದೊಡ್ಡ ನಿಯಮ ಇದು: ಅಳಿದುಹೋದುದನ್ನು ಊಹಿಸಿ ಬರೆಯಬಾರದು. ಹಚ್ಚಿದ ಹೊಸ ಬಣ್ಣ ಹತ್ತಿರದಿಂದ ನೋಡಿದವರಿಗೆ ಹೊಸದೆಂದು ತಿಳಿಯಬೇಕು, ಮುಂದೆ ಬೇಕಾದರೆ ತೆಗೆಯಲೂ ಬರಬೇಕು. ಆಸಾರ್ ಮಹಲಿನ ಮೇಲಂತಸ್ತಿನ ಚಿತ್ರಗಳಲ್ಲಿ ಮುಖಗಳು ಅಳಿದಿವೆ. ಅಲ್ಲಿ ಹೊಸ ಮುಖ ಬರೆದರೆ ಅದು ದುರಸ್ತಿಯಲ್ಲ, ಸುಳ್ಳು. ನಮ್ಮ ಹದೀಸ್ ವಿದ್ವಾಂಸರ ಹಾದಿಯೂ ಇದೇ ಅಲ್ಲವೇ? ಸನದಿನ ಕೊಂಡಿ ತಪ್ಪಿದ್ದರೆ ತಪ್ಪಿದೆ ಎಂದರು, ತಾವಾಗಿ ಒಂದು ಹೆಸರು ಸೇರಿಸಲಿಲ್ಲ.

ಸಹೋದರರೇ, ರಮಝಾನ್ ಬಂತೆಂದರೆ ನಮ್ಮ ಹಳ್ಳಿಗಳ ಹಳೆಯ ಮಸೀದಿಗಳಿಗೂ ಬಣ್ಣ ಹಚ್ಚಲು ಅವಸರಪಡುತ್ತೇವೆ. ಸುಣ್ಣದ ಗೋಡೆಗೆ ಆಯಿಲ್ ಪೇಂಟ್ ಬಳಿದರೆ ತೇವ ಒಳಗೇ ಉಳಿದು ಗಾರೆ ಸಡಿಲಾಗುತ್ತದೆ, ಅಡಿಯಲ್ಲಿದ್ದ ಹಳೆಯ ಬರಹವೂ ಮುಚ್ಚಿಹೋಗುತ್ತದೆ. ಮೊದಲು ಸೋರಿಕೆ ನೋಡಿ, ಫೋಟೋ ತೆಗೆದಿಡಿ, ಬಲ್ಲವರನ್ನು ಕೇಳಿ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಕಟ್ಟಡವಾದರೆ ನಾವಾಗಿ ಕೈ ಹಚ್ಚುವುದೇ ಬೇಡ.

ಹಿರಿಯರು ಬಿಟ್ಟುಹೋದುದನ್ನು ಕೆಡಿಸದೆ ಮಕ್ಕಳ ಕೈಗೆ ಒಪ್ಪಿಸುವ ತೌಫೀಕನ್ನು ಅಲ್ಲಾಹನು ನಮಗೆ ನೀಡಲಿ. ಆಮೀನ್.