ಚಿತ್ರದ ಎತ್ತು, ಮಣ್ಣಿನ ಎತ್ತು

ಜ್ಯೇಷ್ಠ ಮಾಸದ ಅಮಾವಾಸ್ಯೆ ಬಂತೆಂದರೆ ಕಲಬುರಗಿ ಸೀಮೆಯ ಮಕ್ಕಳ ಕೈ ಕೆಸರಾಗುತ್ತದೆ. ಕೆರೆಯಂಗಳದ ಕರಿಮಣ್ಣನ್ನು ತಂದು, ನೀರು ಚಿಮುಕಿಸಿ, ನಾದಿ, ಜೋಡೆತ್ತು ಮಾಡುತ್ತಾರೆ. ಅದಕ್ಕೊಂದು ಗೋದಲಿ, ಗೋದಲಿಯಲ್ಲಿ ನಾಲ್ಕು ಜೋಳದ ಕಾಳು. ಅದರ ಬೆನ್ನಿಗೇ ಬರುವ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡಿ ಕೂರಿಸಿ ಹಾಡು ಹೇಳುತ್ತಾರೆ. ಆಳಂದ ತಾಲ್ಲೂಕಿನ ಮಾದನಹಿಪ್ಪರಗಾದಂಥ ಊರುಗಳಿಗೆ ಇದು ಹೊಸ ಸುದ್ದಿಯೇನೂ ಅಲ್ಲ. ಆದರೆ ಶಿಶುಶಿಕ್ಷಣದ ಪಂಡಿತರು ಇಂದು ದೊಡ್ಡ ಮಾತಿನಲ್ಲಿ ಹೇಳುವ ಒಂದು ತತ್ತ್ವ ಈ ಕೆಸರಿನಲ್ಲಿಯೇ ಅಡಗಿದೆ ಎಂದರೆ ಓದುಗರು ಹುಬ್ಬೇರಿಸಬಾರದು.

ಆ ತತ್ತ್ವ ಇಷ್ಟೇ: ಮಗುವಿಗೆ ಚಿತ್ರದ ಪುಸ್ತಕವನ್ನು ಓದಿ ಹೇಳಿ ಮುಚ್ಚಿಟ್ಟುಬಿಟ್ಟರೆ ಕೆಲಸ ಅರ್ಧವಾದಂತೆ. ಕಿವಿಯಿಂದ ಕೇಳಿದ್ದು, ಕಣ್ಣಿನಿಂದ ಕಂಡದ್ದು ಕೈಗೆ ಇಳಿಯಬೇಕು. ಕತೆಯಲ್ಲಿ ಎತ್ತು ಬಂದರೆ ಮಗು ಎತ್ತನ್ನು ಮಾಡಬೇಕು, ಮೇಯಿಸಬೇಕು, ಅದರ ಪರವಾಗಿ ಮಾತಾಡಬೇಕು. ಆಗ ಕತೆ ಪುಸ್ತಕದ್ದಾಗಿ ಉಳಿಯದೆ ಮಗುವಿನದಾಗುತ್ತದೆ.

ಈ ವಿಚಾರ ನಡೆದು ಬಂದ ದಾರಿ ಉದ್ದವಾದದ್ದು. 1658ರಲ್ಲಿ ಕೊಮೇನಿಯಸ್ ಎಂಬ ಮೊರೇವಿಯದ ಪಾದ್ರಿ ನ್ಯೂರೆಂಬರ್ಗಿನಲ್ಲಿ ಮಕ್ಕಳಿಗಾಗಿ ಒಂದು ಚಿತ್ರಪುಸ್ತಕವನ್ನು ಅಚ್ಚು ಹಾಕಿಸಿದ. ವಸ್ತುವನ್ನು ಕಾಣದೆ ಹೆಸರನ್ನು ಕಲಿತರೆ ಅದು ಗಿಳಿಪಾಠ ಎಂಬುದು ಅವನ ನಿಲುವು. ಕಣ್ಣಿಗೆ ಸ್ಥಾನ ದೊರೆಯಿತು. ಕೈಗೆ ಇನ್ನೂ ದೊರೆಯಲಿಲ್ಲ. 1837ರಲ್ಲಿ ಜರ್ಮನಿಯ ಫ್ರೋಬೆಲ್ ಬ್ಲಾಂಕೆನ್‌ಬರ್ಗ್ ಎಂಬ ಊರಿನಲ್ಲಿ ಆಟದ ಮೂಲಕ ಕಲಿಸುವ ಸಂಸ್ಥೆಯನ್ನು ತೆರೆದು ಮಕ್ಕಳ ಕೈಗೆ ಚೆಂಡನ್ನೂ ಮರದ ತುಂಡುಗಳನ್ನೂ ಕೊಟ್ಟ. ಮೂರು ವರ್ಷದ ಬಳಿಕ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಾಯಿತು. ಕಾಕತಾಳೀಯವೆಂದರೆ, ಅದೇ 1837ರಲ್ಲಿ ಇಂಗ್ಲಿಷ್ ಕವಿ ಸದೆ ಮೂರು ಕರಡಿಗಳ ಕತೆಯನ್ನು ಅಚ್ಚಿಗೆ ಕೊಟ್ಟ.

ಆ ಕರಡಿಗಳನ್ನು ಕನ್ನಡದ ಅಂಗಳಕ್ಕೆ ತಂದವರು ಪಂಜೆ ಮಂಗೇಶರಾಯರು. ಅವರು ಮೇಷ್ಟರಾಗಿ, ಶಾಲಾ ಇನ್ಸ್‌ಪೆಕ್ಟರಾಗಿ ದುಡಿದವರು. ಮಕ್ಕಳು ಎಲ್ಲಿ ಆಕಳಿಸುತ್ತಾರೆ, ಎಲ್ಲಿ ಬಾಯಿ ಬಿಟ್ಟು ಕೇಳುತ್ತಾರೆ ಎಂಬುದನ್ನು ಕಣ್ಣಾರೆ ಕಂಡವರು. ಇಂಥವರು 1934ರಲ್ಲಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದದ್ದು ರಾಯಚೂರಿನಲ್ಲಿ, ಅಂದರೆ ನಿಜಾಮರ ಸೀಮೆಯಲ್ಲಿ. ಆಗ ಆ ಸೀಮೆಯಲ್ಲಿ ಆಡಳಿತದ ಭಾಷೆ ಉರ್ದು. ಮೇಲಿನ ತರಗತಿಗಳ ಪಾಠವೂ ಉರ್ದುವಿನಲ್ಲಿ. ಮನೆಯಲ್ಲಿ ಅವ್ವ ಹೇಳಿದ ಕತೆಯ ನುಡಿ ಒಂದು, ಶಾಲೆಯ ಪುಸ್ತಕದ ನುಡಿ ಇನ್ನೊಂದು. ಮಕ್ಕಳ ಕವಿಯೊಬ್ಬ ಅಲ್ಲಿ ಬಂದು ಕನ್ನಡದ ಅಧ್ಯಕ್ಷಪೀಠದಲ್ಲಿ ಕುಳಿತದ್ದು ಸಣ್ಣ ಸಂಗತಿಯಲ್ಲ. 1937ರಲ್ಲಿ ಪಂಜೆಯವರು ಕೊನೆಯುಸಿರೆಳೆದದ್ದೂ ಹೈದರಾಬಾದಿನಲ್ಲಿಯೇ.

ಅತ್ತ ಗುಜರಾತಿನಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದ ಬಾಲಮಂದಿರವನ್ನು ತೆರೆದಿದ್ದರು. ಮಾಂಟೆಸೊರಿಯವರ ಮಾರ್ಗವನ್ನು ಒಪ್ಪಿದರೂ ಒಂದು ವಿಷಯದಲ್ಲಿ ಅವರು ತಮ್ಮ ದಾರಿ ತಾವು ಹಿಡಿದರು. ಎಳೆಯ ಮಕ್ಕಳಿಗೆ ಕಾಲ್ಪನಿಕ ಕತೆ ಬೇಡವೆಂಬುದು ಆ ತಾಯಿಯ ಅಭಿಪ್ರಾಯ. ಕತೆಯಿಲ್ಲದೆ ನಮ್ಮ ಮಕ್ಕಳಿಲ್ಲ ಎಂಬುದು ಗಿಜುಭಾಯಿಯ ಹಟ. ಅವರ ‘ದಿವಾಸ್ವಪ್ನ’ದ ಮೇಷ್ಟರು ಗಲಾಟೆಯ ತರಗತಿಯನ್ನು ಗೆಲ್ಲುವುದು ಕತೆಯಿಂದಲೇ. ಕತೆ ನಾಟಕವಾಗುತ್ತದೆ, ಆಟವಾಗುತ್ತದೆ, ಕೊನೆಗೆ ಪುಸ್ತಕದ ಹಸಿವಾಗುತ್ತದೆ. ಅವರ ಜೊತೆಯಲ್ಲಿ ದುಡಿದ ತಾರಾಬಾಯಿ ಮೋಡಕರು ಮುಂದೆ ಬೋರ್ಡಿ, ಕೋಸಬಾಡಗಳಲ್ಲಿ ಶಾಲೆಯನ್ನೇ ಬಡವರ ಅಂಗಳಕ್ಕೆ ಕೊಂಡೊಯ್ದರು. ದುಬಾರಿ ಸಲಕರಣೆಯ ಬದಲು ಕಲ್ಲು, ಕಾಳು, ಎಲೆ, ಮಣ್ಣು. ಇತ್ತ ನಮ್ಮ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳಿಗೆ ಕುಣಿತ, ನಾಟಕಗಳನ್ನು ಕಲಿಸುತ್ತ, 1936ರಲ್ಲಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಹೊರತಂದರು.

ಇವೆಲ್ಲ ನಡೆದಾಗ ಮಾದನಹಿಪ್ಪರಗಾದ ಮಗುವಿಗೆ ಏನಿತ್ತು? ಮಣ್ಣಿತ್ತು, ಅಜ್ಜಿಯ ಕತೆಯಿತ್ತು. ಚಿತ್ರದ ಪುಸ್ತಕ ಇರಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಈ ಸೀಮೆ ಕನ್ನಡನಾಡಿನೊಡನೆ ಒಂದಾಯಿತು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಮೊದಲಾಯಿತು. ಕರ್ನಾಟಕದ ಪಾಲಿಗೆ ಬಂದದ್ದು ತಿ. ನರಸೀಪುರ. ಅಲ್ಲಿಂದ ಅಂಗನವಾಡಿ ಹಳ್ಳಿಹಳ್ಳಿಗೂ ಹಬ್ಬಿತು. ಆಹಾರ, ಚುಚ್ಚುಮದ್ದುಗಳ ಜೊತೆಗೆ ಶಾಲಾಪೂರ್ವ ಶಿಕ್ಷಣವೂ ಅದರ ಸೇವೆಗಳಲ್ಲೊಂದು. ಆದರೆ ತೂಕದ ಪಟ್ಟಿ, ಹಿಟ್ಟಿನ ಲೆಕ್ಕ, ಮನೆ ಭೇಟಿ ಇವುಗಳ ನಡುವೆ ಕತೆಗೆ ಉಳಿಯುವ ಹೊತ್ತೆಷ್ಟು? ಅಂಗನವಾಡಿಯ ಅಕ್ಕನನ್ನೇ ಕೇಳಬೇಕು.

ಈಗ ಪುಸ್ತಕದ ಬರವೂ ಮೊದಲಿನಂತಿಲ್ಲ. 1957ರಲ್ಲಿ ಆರಂಭವಾದ ನ್ಯಾಷನಲ್ ಬುಕ್ ಟ್ರಸ್ಟ್ ಕನ್ನಡದಲ್ಲಿಯೂ ಮಕ್ಕಳ ಪುಸ್ತಕಗಳನ್ನು ತಂದಿದೆ. 2004ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ ಅಗ್ಗದ ಚಿತ್ರಪುಸ್ತಕಗಳನ್ನು ಅಚ್ಚು ಹಾಕಿತು. 2015ರಿಂದ ಅದರ ಕತೆಗಳು ಕೈಫೋನಿನಲ್ಲಿ ಬಿಟ್ಟಿಯಾಗಿಯೇ ದೊರೆಯುತ್ತವೆ. ಅಂಗನವಾಡಿಗಳಿಗೆಂದು ರಾಜ್ಯದಲ್ಲಿ ‘ಚಿಲಿಪಿಲಿ’ ಎಂಬ ಪಠ್ಯಕ್ರಮವೂ ಇದೆ. ಚಿತ್ರ ಊರಿಗೆ ಬಂದಿದೆ. ಹೋಗುತ್ತಿರುವುದು ಕೈಯ ಕೆಲಸ.

ಏಕೆಂದರೆ ಪಾಲಕರಿಗೆ ಅವಸರ. ನಾಲ್ಕು ವರ್ಷದ ಮಗು ಪಾಟಿಯ ಮೇಲೆ ಇಂಗ್ಲಿಷ್ ಅಕ್ಷರ ತಿದ್ದಿದರೆ ಮಾತ್ರ ಅದು ಓದು. ಮಣ್ಣು ಕಲಸಿದರೆ ಅದು ಅಂಗಿ ಕೊಳೆ. 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತರಗತಿಗಳನ್ನು ತೆರೆಯಹೊರಟಾಗ ಅಂಗನವಾಡಿಗಳು ಬರಿದಾಗುತ್ತವೆಂದು ಕಾರ್ಯಕರ್ತೆಯರು ಬೀದಿಗಿಳಿದರು. ಮಗು ಯಾವ ಕೋಣೆಯಲ್ಲಿ ಕೂರಬೇಕೆಂಬ ಜಗಳದಲ್ಲಿ, ಕೂತು ಏನು ಮಾಡಬೇಕೆಂಬ ಪ್ರಶ್ನೆ ಹಿಂದೆ ಬಿದ್ದಿತು. ಮಹಾರಾಷ್ಟ್ರದ ಗಡಿಗೆ ಹತ್ತಿರವಾದ ಈ ಭಾಗದಲ್ಲಿ ಮರಾಠಿ, ಉರ್ದು, ಲಂಬಾಣಿ ಮಾತಿನ ಮನೆಗಳಿಂದಲೂ ಮಕ್ಕಳು ಬರುತ್ತಾರೆ. ಕನ್ನಡದ ಪದ ಇನ್ನೂ ನಾಲಗೆಗೆ ಹತ್ತದ ಕೂಸಿಗೆ ಪುಸ್ತಕದ ‘ಎತ್ತು’ ಬರಿಯ ಸದ್ದು. ತಾನೇ ತಿದ್ದಿದ ಮಣ್ಣಿನ ಎತ್ತನ್ನು ಹಿಡಿದಾಗ ಆ ಸದ್ದು ಮಾತಾಗುತ್ತದೆ.

ಇದಕ್ಕೆ ಬೇಕಾದ ಖರ್ಚೇನು? ಮೂರು ಕರಡಿಗಳ ಕತೆಯನ್ನು ಓದಿದ ದಿನ ದೊಡ್ಡದು, ನಡುವಿನದು, ಚಿಕ್ಕದು ಎಂದು ಮೂರು ಬಟ್ಟಲಿಡಲಿ. ಮಕ್ಕಳು ತೊಗರಿಬೇಳೆ ತುಂಬಿ ಯಾವುದರಲ್ಲಿ ಹೆಚ್ಚು ಹಿಡಿಯಿತೆಂದು ಹೇಳಲಿ. ಮರುದಿನ ಮೂವರು ಕರಡಿಗಳಾಗಲಿ. ಮೂರನೆಯ ದಿನ ಪುಸ್ತಕವನ್ನು ಮಗುವಿನ ಕೈಗೇ ಕೊಟ್ಟು, ಕತೆ ನೀನು ಹೇಳು ಎನ್ನಲಿ. ಅಕ್ಷರ ಬಾರದ ಆ ಮಗು ಚಿತ್ರವನ್ನು ನೋಡಿ ತನ್ನ ಕತೆಯನ್ನು ತಾನೇ ಹೇಳುತ್ತದೆ. ಓದಿನ ಮೊದಲ ಮೆಟ್ಟಿಲು ಅದೇ.

ಕೊಮೇನಿಯಸ್ ಕಣ್ಣನ್ನು ತೆರೆಸಿದ, ಫ್ರೋಬೆಲ್ ಕೈಯನ್ನು ಹಿಡಿದ, ಗಿಜುಭಾಯಿ ಕತೆಯನ್ನು ಉಳಿಸಿದರು. ಮೂರನ್ನೂ ಒಂದೇ ಗೋದಲಿಗೆ ಕಟ್ಟುವ ಕೆಲಸ ನಮ್ಮ ಪಾಲಿನದು. ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಗೆ ಮಗು ಕೆಸರುಗೈಯಲ್ಲಿ ಮನೆಗೆ ಬಂದರೆ ಗದರಿಸಬೇಡಿ. ಎತ್ತಿನ ಹೆಸರೇನೆಂದು ಕೇಳಿ.