ಕಡತ, ಬಳಪ, ಟೈಪು



ಇವತ್ತಿನ ಮಾತನ್ನು ಒಂದು ಹಳೆಯ ಕ್ರಯಪತ್ರದಿಂದ ಶುರುಮಾಡುತ್ತೇನೆ. ನಮ್ಮದು ರಾಯದುರ್ಗದ ಕಡೆಯ ಹಳ್ಳಿ. ಕೆಲವು ವರ್ಷಗಳ ಹಿಂದೆ ಹೊಲದ ಬದುವಿನ ವಿಚಾರವಾಗಿ ಪಕ್ಕದವರೊಡನೆ ಒಂದು ತಕರಾರು ಬಂತು. ಟ್ರಂಕಿನ ತಳದಿಂದ ಅಜ್ಜನ ಕಾಲದ ಕ್ರಯಪತ್ರ ತೆಗೆದೆವು. ರಾಯದುರ್ಗ ಇನ್ನೂ ಬಳ್ಳಾರಿ ಜಿಲ್ಲೆಗೆ ಸೇರಿದ್ದ ದಿನಗಳ ಪತ್ರ ಅದು. ಛಾಪಾ ಕಾಗದದ ಮೇಲೆ ಕನ್ನಡದಲ್ಲಿ ಬರೆದದ್ದು. ಅದನ್ನು ಹಿಡಿದುಕೊಂಡು ಒಂದು ಕಚೇರಿಗೆ ಹೋದರೆ ಅಲ್ಲಿಯವರು ಹಿಂದೆ ಮುಂದೆ ತಿರುವಿ ನೋಡಿ, “ಇದನ್ನು ಓದುವವರು ನಮ್ಮಲ್ಲಿ ಯಾರೂ ಇಲ್ಲ, ತೆಲುಗಿನಲ್ಲಿ ಬರೆಸಿ ತನ್ನಿ” ಎಂದರು. ಸಿಟ್ಟು ಬಂತು, ನಿಜ. ಆದರೆ ಮನೆಗೆ ಬಂದು ನಾನೇ ಓದಲು ಕೂತಾಗ ಆ ಸಿಟ್ಟು ಇಳಿಯಿತು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದ ನನಗೂ ಮೂರು ಸಾಲು ದಾಟಲಾಗಲಿಲ್ಲ. ಒಂದಕ್ಕೊಂದು ಹೆಣೆದುಕೊಂಡ ಅಕ್ಷರ, ಪದಕ್ಕೂ ಪದಕ್ಕೂ ನಡುವೆ ಜಾಗವಿಲ್ಲ, ಲೆಕ್ಕವೆಲ್ಲ ವೀಸ, ಕಾಣಿಗಳಲ್ಲಿ.

ಕಡೆಗೆ ಪಕ್ಕದ ಊರಿನ ತಾತ ಒಬ್ಬರು ಓದಿಕೊಟ್ಟರು. ತೊಂಬತ್ತರ ಹತ್ತಿರದ ವಯಸ್ಸು. ಹಿಂದೆ ಶಾನಭೋಗರ ಕೈಕೆಳಗೆ ಲೆಕ್ಕ ಬರೆದುಕೊಂಡಿದ್ದವರು. ಕನ್ನಡಕ ಮೇಲೇರಿಸಿ ಪತ್ರವನ್ನು ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿಗೆ ಓದಿಬಿಟ್ಟರು. “ಎಲ್ಲಿ ಕಲಿತ್ರಿ ತಾತಾ?” ಅಂದೆ. “ಐಗಳ ಹತ್ರ, ಉಸುಕಿನ ಮ್ಯಾಲೆ” ಅಂದರು.

ಗುಮಾಸ್ತಿಕೆಯ ಶಿಕ್ಷಣ ಎಂದರೆ ಟೈಪಿಂಗ್ ಇನ್‌ಸ್ಟಿಟ್ಯೂಟಿನಿಂದ ಶುರುವಾದದ್ದು ಎಂದೇ ನಾವು ತಿಳಿದಿರುತ್ತೇವೆ. ಆದರೆ ನಮ್ಮ ಸೀಮೆಯಲ್ಲಿ ಅದಕ್ಕೆ ಬಹಳ ಹಿಂದಿನ ಬೇರಿದೆ. ಮಡಕಶಿರಾ ಸೀಮೆಯ ಹೇಮಾವತಿ, ಅಂದರೆ ಹಿಂದಿನ ಹೆಂಜೇರು, ನೊಳಂಬರ ರಾಜಧಾನಿಯಾಗಿತ್ತು. ಅಲ್ಲಿನ ಕಲ್ಲುಗಳ ಮೇಲೆ ಕನ್ನಡ ಇದೆ. ಕನ್ನಡ ಶಾಸನಗಳಲ್ಲಿ ‘ಸೇನಬೋವ’ ಎಂದು ಬರುವವನೇ ಮುಂದೆ ನಮ್ಮ ಬಾಯಲ್ಲಿ ಶಾನಭೋಗನಾದ. ತೆಲುಗಿನವರು ಕರಣಂ ಎಂದರು. ಹೆಸರು ಎರಡು, ಕೆಲಸ ಒಂದೇ: ಊರಿನ ಭೂಮಿ, ಬೆಳೆ, ಕಂದಾಯ ಇವುಗಳ ಲೆಕ್ಕ ಇಡುವುದು, ಓದುಬರಹ ಬಾರದವರ ಪರವಾಗಿ ಪತ್ರ ಬರೆಯುವುದು.

ಈ ವಿದ್ಯೆಯನ್ನು ಕಲಿಸುತ್ತಿದ್ದ ಬಗೆ ನಮಗೆ ಚೆನ್ನಾಗಿ ತಿಳಿದಿರುವುದು ಒಬ್ಬ ಇಂಗ್ಲಿಷ್ ಅಧಿಕಾರಿಯ ವರದಿಯಿಂದ. 1800ರಲ್ಲಿ ನಿಜಾಮನು ಈ ಪ್ರಾಂತವನ್ನು ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಇಲ್ಲಿಯ ಮುಖ್ಯ ಕಲೆಕ್ಟರಾಗಿ 1807ರವರೆಗೆ ಇದ್ದ. ಅವನು 1802ರಲ್ಲಿ ಭೂಮಿಯ ಅಳತೆ ಶುರುಮಾಡಿಸಿದ್ದು ತನ್ನ ಕಚೇರಿಯ ನಾಲ್ಕೇ ನಾಲ್ಕು ಗುಮಾಸ್ತರಿಂದ. ಅದೇ ಮನ್ರೋ ಮುಂದೆ ಮದ್ರಾಸಿನ ಗವರ್ನರಾದ ಮೇಲೆ, 1822ರಲ್ಲಿ, ಪ್ರತಿ ಜಿಲ್ಲೆಯಲ್ಲೂ ಎಷ್ಟು ಶಾಲೆಗಳಿವೆ, ಏನು ಕಲಿಸುತ್ತಾರೆ ಎಂದು ವಿಚಾರಿಸಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಉತ್ತರ ಬರೆದ. ಆಗ ಅನಂತಪುರ ಬೇರೆ ಜಿಲ್ಲೆಯಲ್ಲ. ಅದು ಬೇರೆಯಾದದ್ದು 1882ರಲ್ಲಿ. ಆದ್ದರಿಂದ ಕ್ಯಾಂಪ್‌ಬೆಲ್ ಲೆಕ್ಕದಲ್ಲಿ ರಾಯದುರ್ಗವೂ ಇದೆ, ಮಡಕಶಿರಾ ಕೂಡ ಇದೆ.

ಆ ಲೆಕ್ಕ ಕೇಳಿ. ಇಡೀ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಕನ್ನಡ ಕಲಿಸುವ ಶಾಲೆ 235, ತೆಲುಗು ಕಲಿಸುವವು 226. ಮರಾಠಿಗೆ 23, ಪಾರಸಿಗೆ 21, ತಮಿಳಿಗೆ 4, ಬರೀ ಸಂಸ್ಕೃತಕ್ಕೆ 23, ಇಂಗ್ಲಿಷಿಗೆ ಒಂದೇ ಒಂದು. ಕನ್ನಡ, ತೆಲುಗು ಎರಡೂ ಹೆಚ್ಚುಕಡಿಮೆ ಸಮಸಮ! ನಮ್ಮ ಸಂತೆಗಳಲ್ಲಿ ಇವತ್ತಿಗೂ ಕಿವಿಗೆ ಬೀಳುವ ಮಾತಿನ ಹದವೇ ಅಲ್ಲವೆ ಇದು?

ಮಗುವಿಗೆ ಐದನೆಯ ವರ್ಷದಲ್ಲಿ ಅಕ್ಷರಾಭ್ಯಾಸ. ಶಾಲೆ ಬೆಳಿಗ್ಗೆ ಆರಕ್ಕೇ ಆರಂಭ. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರಂತೆ. ಎರಡನೆಯವನಿಗೆ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ ಎಂಬುದರ ಗುರುತು. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತಾ ಹೋಗುವುದು. ಕೊನೆಗೆ ಬಂದವನ ಪಾಡು ಏನಾಗುತ್ತಿತ್ತೋ ನೀವೇ ಊಹಿಸಿ.

ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದುವುದು. ಆಮೇಲೆ ಹಲಗೆ ಅಥವಾ ಕಡತ. ಹಲಗೆ ಸುಮಾರು ಮೂರು ಅಡಿ ಉದ್ದ, ಒಂದು ಅಡಿ ಅಗಲ. ಅದಕ್ಕೆ ಅನ್ನ ಮತ್ತು ಇದ್ದಿಲ ಪುಡಿ ಸೇರಿಸಿ ಬಳಿಯುತ್ತಿದ್ದರು. ಕಡತ ಎಂದರೆ ಬಟ್ಟೆ. ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದ ಹಾಗೆ ಮಡಿಕೆ ಮಡಿಕೆಯಾಗಿ ಮಡಿಸಿ, ಇದ್ದಿಲು ಮತ್ತು ಅಂಟು ಲೇಪಿಸಿದ್ದು. ಬರೆಯಲು ಬಳಪ, ಒದ್ದೆ ಬಟ್ಟೆಯಿಂದ ಒರೆಸಿದರೆ ಅಳಿಸಿಹೋಗುತ್ತದೆ. ಹುಡುಗರು ಕಲಿತ ಅದೇ ಕಡತದಲ್ಲಿ ದೊಡ್ಡವರಾದ ಮೇಲೆ ಊರ ಲೆಕ್ಕ, ಅಂಗಡಿ ಲೆಕ್ಕ ಬರೆಯುತ್ತಿದ್ದರು. ಕರ್ನಾಟಕದ ಕಚೇರಿಗಳಲ್ಲಿ ಈಗಲೂ ಫೈಲಿಗೆ ಕಡತ ಎನ್ನುತ್ತಾರೆ. ವಿಧಾನಸೌಧದ ಮೇಜಿನ ಮೇಲಿರುವ ಕಾಗದದ ಕಟ್ಟಿಗೆ ಆ ಕರಿಬಟ್ಟೆಯ ಹೆಸರು ಉಳಿದಿದೆ. ನಮ್ಮ ಕಡೆ ಅದು ಬರೀ ಫೈಲು.

ಲೆಕ್ಕಕ್ಕೆ ಬಂದರೆ ಭಿನ್ನರಾಶಿಯ ಮೇಲೆ ಬಹಳ ಒತ್ತು. ಹತ್ತರಿಂದ ಭಾಗಿಸುವುದಲ್ಲ, ನಾಲ್ಕರಿಂದ. ಒಂದರಲ್ಲಿ ನಾಲ್ಕನೆಯ ಪಾಲು ಕಾಲು, ಅದರ ನಾಲ್ಕನೆಯ ಪಾಲು ವೀಸ, ಅದರಲ್ಲೂ ನಾಲ್ಕನೆಯ ಪಾಲು ಕಾಣಿ, ಅಂದರೆ ಒಂದರಲ್ಲಿ ಅರವತ್ತನಾಲ್ಕನೆಯ ಭಾಗ. ದಿನಕ್ಕೆ ಎರಡು ಸಲ ಹುಡುಗರು ಸಾಲಾಗಿ ನಿಂತು, ಅವರಲ್ಲೇ ಹಿರಿಯನೊಬ್ಬ ಹೇಳಿಕೊಟ್ಟಂತೆ ಎಲ್ಲ ಕೋಷ್ಟಕಗಳನ್ನೂ ಒಪ್ಪಿಸಬೇಕು.

ಇದಾದ ಮೇಲೆ ಬರುವುದು ನಮ್ಮ ಇವತ್ತಿನ ವಿಷಯಕ್ಕೆ ನೇರವಾಗಿ ಸೇರಿದ್ದು. ಐಗಳು ಬೇರೆ ಬೇರೆ ಕಡೆಯಿಂದ ಹಳೆಯ ಕಾಗದಪತ್ರಗಳನ್ನು ಕೂಡಿಸಿ ಇಟ್ಟುಕೊಂಡಿರುತ್ತಿದ್ದರು. ಒಬ್ಬೊಬ್ಬರ ಕೈಬರಹ ಒಂದೊಂದು ಥರ. ಅವನ್ನೆಲ್ಲ ತೊಡರದೆ ಓದುವುದನ್ನು ಹುಡುಗರಿಗೆ ಅಭ್ಯಾಸ ಮಾಡಿಸುತ್ತಿದ್ದರು. ಕಾಗದ ಬರೆಯುವುದು, ಕರಾರುಪತ್ರದ ನಮೂನೆ ತಯಾರಿಸುವುದು ಇವೂ ಪಾಠವೇ. ಎಂದರೆ, ಕಾರ್ಯದರ್ಶಿಯ ತರಬೇತಿ ಎಂದು ಈಗ ಫೀಜು ಕಟ್ಟಿ ಕಲಿಯುವುದರ ಅರ್ಧಭಾಗ ನಮ್ಮ ಊರಿನ ಜಗುಲಿಯ ಮೇಲೆ ಆಗಲೇ ನಡೆಯುತ್ತಿತ್ತು. ನಮ್ಮ ತಾತ ಕ್ರಯಪತ್ರ ಓದಿದ್ದು ಯಾವ ಮಾಯೆಯಿಂದಲೂ ಅಲ್ಲ. ಅವರಿಗೆ ಅದು ಪಾಠವಾಗಿತ್ತು, ನನಗೆ ಆಗಿರಲಿಲ್ಲ.

ಆ ಕಾಲವೇ ಚಿನ್ನದಂಥದು ಎಂದು ಹೇಳಲು ಹೊರಟಿಲ್ಲ. ಆ 6,641 ಮಕ್ಕಳಲ್ಲಿ ಹುಡುಗಿಯರು ಅರವತ್ತೇ ಮಂದಿ. ಶಾನಭೋಗಿಕೆ ವಂಶಪಾರಂಪರ್ಯವಾದದ್ದು, ಮಗನಿಗೆ ಸಿಕ್ಕ ವಿದ್ಯೆ ಎದುರು ಕೇರಿಯ ಹುಡುಗನಿಗೆ ಸಿಗುತ್ತಿರಲಿಲ್ಲ. ಊರಿನ ಲೆಕ್ಕ ಬಲ್ಲವನು ಒಬ್ಬನೇ ಎಂದಾದಾಗ ಏನೇನು ನಡೆಯುತ್ತಿತ್ತು ಎಂಬುದು ಹಳ್ಳಿಯವರಿಗೆ ಹೇಳಿಕೊಡಬೇಕಾದ ಮಾತಲ್ಲ.

ಬಾಗಿಲು ಸ್ವಲ್ಪ ತೆರೆದದ್ದು ಟೈಪು ಮಿಷನ್ನು. ಅಮೆರಿಕದ ರೆಮಿಂಗ್ಟನ್ ಕಂಪನಿ 1870ರ ದಶಕದಲ್ಲಿ ಮಾರಾಟಕ್ಕೆ ತಂದ ಆ ಯಂತ್ರ ಕಚೇರಿಗಳನ್ನೇ ಬದಲಿಸಿತು. ನಮ್ಮ ದೇಶದಲ್ಲೇ ಗೋದ್ರೆಜ್‌ನವರು 1955ರಲ್ಲಿ ಟೈಪ್‌ರೈಟರ್ ತಯಾರಿಸಿದರು. ತಾಲೂಕು ಊರುಗಳ ಬಸ್‌ಸ್ಟ್ಯಾಂಡಿನ ಸುತ್ತ, ಮಹಡಿ ಮೇಲಿನ ಒಂದು ಕೋಣೆಯಲ್ಲಿ, ಆರೇಳು ಮಿಷನ್ ಇಟ್ಟುಕೊಂಡ ಇನ್‌ಸ್ಟಿಟ್ಯೂಟುಗಳು ಬಂದವು. ಗಂಟೆಗೆ ಒಂದು ಬ್ಯಾಚು. ಬೆಳಿಗ್ಗೆ ಆರಕ್ಕೇ ಟಕಟಕ ಶಬ್ದ. ಅಲ್ಲಿ ಸರಸ್ವತಿಯೂ ಇಲ್ಲ, ಏಟೂ ಇಲ್ಲ. ಆದರೆ ಮೊದಲು ಬಂದವನಿಗೆ ಒಳ್ಳೆಯ ಮಿಷನ್ನು. ತಡವಾಗಿ ಬಂದವನಿಗೆ ‘ಇ’ ಅಕ್ಷರ ಸಿಕ್ಕಿಕೊಳ್ಳುವ ಮಿಷನ್ನು! ಎಎಸ್‌ಡಿಎಫ್ ಹೊಡೆದು ಹೊಡೆದು ಕಿರುಬೆರಳು ನೋಯುತ್ತಿತ್ತು. ಕೀಲಿ ನೋಡಿದರೆ ಮೇಷ್ಟ್ರು ಕೈ ಮೇಲೆ ಬಟ್ಟೆ ಹೊದಿಸುತ್ತಿದ್ದರು. ಲೋಯರ್ ಪರೀಕ್ಷೆಗೆ ನಿಮಿಷಕ್ಕೆ 30 ಪದ, ಹೈಯರಿಗೆ 45. ಐದು ಹೊಡೆತಕ್ಕೆ ಒಂದು ಪದ ಎಂದು ಎಣಿಕೆ. ಅಂದರೆ ಹೈಯರಿಗೆ ನಿಮಿಷಕ್ಕೆ 225 ಹೊಡೆತ.

ಹುಡುಗಿಯರು ಮನೆಯಿಂದ ಹೊರಗೆ ಬಂದು ಕಲಿಯಲು ಹಿರಿಯರು ಒಪ್ಪಿದ ವಿದ್ಯೆಗಳಲ್ಲಿ ಇದೂ ಒಂದು. ಕ್ಯಾಂಪ್‌ಬೆಲ್ ಕಾಲದ ಆ ಅರವತ್ತರ ಎಣಿಕೆಯನ್ನು ನೆನೆದುಕೊಂಡರೆ, ಒಂದು ಬ್ಯಾಚಿನಲ್ಲಿ ಮೂವರು ಹುಡುಗಿಯರು ಕೂತಿದ್ದೂ ಸಣ್ಣ ಮಾತಲ್ಲ.

ಕೂಡೆ ಷಾರ್ಟ್‌ಹ್ಯಾಂಡ್, ಶೀಘ್ರಲಿಪಿ. ಐಸಾಕ್ ಪಿಟ್ಮನ್ 1837ರಲ್ಲಿ ಪ್ರಕಟಿಸಿದ ಪದ್ಧತಿ. ಅದು ಕಾಗುಣಿತ ನೋಡುವುದಿಲ್ಲ, ಕಿವಿಗೆ ಬಿದ್ದ ಧ್ವನಿಯನ್ನು ಬರೆಯುತ್ತದೆ. ಒಂದೇ ಗೆರೆ ತೆಳುವಾಗಿದ್ದರೆ ಕ, ದಪ್ಪವಾಗಿದ್ದರೆ ಗ. ಹಾಗೆಯೇ ಪ-ಬ, ಚ-ಜ. ನಮ್ಮ ವರ್ಗಾಕ್ಷರ ಬಾಯಿಪಾಠ ಮಾಡಿದ ಮಗುವಿಗೆ ಇದು ಎಷ್ಟು ಸಲೀಸು! ಇಂಗ್ಲಿಷ್ ಕಾಗುಣಿತಕ್ಕೆ ಹೆದರುತ್ತಿದ್ದ ಹಳ್ಳಿ ಹುಡುಗರು ಷಾರ್ಟ್‌ಹ್ಯಾಂಡಿನಲ್ಲಿ ಮುಂದೆ ಬಂದುಬಿಡುತ್ತಿದ್ದರು. ಆಮೇಲೆ ಅದನ್ನು ಬಿಡಿಸಿ ಟೈಪು ಮಾಡುವಾಗ ಸಿಕ್ಕಿಬೀಳುತ್ತಿದ್ದರು, ಆ ಮಾತು ಬೇರೆ.

ಕನ್ನಡ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆ ರೂಪಿಸಿಕೊಟ್ಟವರು ಕೆ. ಅನಂತಸುಬ್ಬರಾಯರು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಕ್ಕೆಂದು ಮಾಡಿದ ಯಂತ್ರದಲ್ಲಿ ನಮ್ಮ ಗುಣಿತ, ಒತ್ತು, ಅರ್ಕಾವತ್ತು ಎಲ್ಲವನ್ನೂ ಕೂರಿಸುವುದು ಹುಡುಗಾಟವಲ್ಲ. ಕರ್ನಾಟಕದಲ್ಲಿ 1963ರ ರಾಜಭಾಷಾ ಕಾಯಿದೆಯ ನಂತರ ಅದನ್ನು ಬಲ್ಲವರಿಗೆ ಕಚೇರಿಗಳಲ್ಲಿ ಬೇಡಿಕೆ ಬಂತು. ಅಲ್ಲಿ ಪಿ.ಎ.ಗೆ ‘ಆಪ್ತ ಸಹಾಯಕ’ ಎಂಬ ಹೆಸರೂ ಬಂತು. ಆಪ್ತ ಎಂಬ ಮಾತು ನನಗೆ ಇಷ್ಟ. ಸಾಹೇಬರ ಗುಟ್ಟು ಕಾಯುವವನಿಗೆ ಇದಕ್ಕಿಂತ ಒಪ್ಪುವ ಹೆಸರು ಇಲ್ಲ.

ನಮ್ಮ ಪೇಚಾಟ ಇರುವುದು ಇಲ್ಲಿಯೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಬಂದವು, ಉಳಿದದ್ದು ಮೈಸೂರಿಗೆ ಹೋಯಿತು. ಮಡಕಶಿರಾ ಅನಂತಪುರದಲ್ಲೇ ಇದ್ದದ್ದರಿಂದ ಕೇಳುವ ಪ್ರಶ್ನೆಯೇ ಬರಲಿಲ್ಲ. 1966ರಲ್ಲಿ ತೆಲುಗು ಇಲ್ಲಿಯ ಆಡಳಿತ ಭಾಷೆಯಾಯಿತು. ಅದು ತಪ್ಪು ಎನ್ನಲಾಗದು. ಜನರ ಭಾಷೆಯಲ್ಲಿ ಆಡಳಿತ ಇರಬೇಕೆಂದು ಆ ಕಡೆ ನಾವು ಕೇಳಿದ್ದನ್ನೇ ಈ ಕಡೆ ಅವರೂ ಕೇಳಿದರು. ಆದರೆ ಅಗಳಿ, ರೊಳ್ಳ, ಅಮರಾಪುರದ ಕನ್ನಡ ಶಾಲೆಯಲ್ಲಿ ಓದಿದ ಹುಡುಗ ಟೈಪಿಂಗ್ ಮೇಷ್ಟ್ರ ಮುಂದೆ ನಿಂತಾಗ ಯಾವ ಮಿಷನ್ ಕೇಳಬೇಕು? ಕನ್ನಡ ಕಲಿತರೆ ಈ ಕಡೆ ಕೆಲಸವಿಲ್ಲ. ತೆಲುಗು ಕಲಿಯಲು ತೆಲುಗು ಬರವಣಿಗೆ ಮೊದಲು ಪಳಗಬೇಕು. ಇಂಗ್ಲಿಷ್ ಕಲಿತರೆ ಎರಡೂ ಕಡೆ ನಡೆಯುತ್ತದೆ. ಆದ್ದರಿಂದ ಎಲ್ಲರೂ ಇಂಗ್ಲಿಷ್ ಮಿಷನ್ನಿಗೇ ಸಾಲು ನಿಂತರು.

ಭಾಷಾ ಅಲ್ಪಸಂಖ್ಯಾತರಿಗೆಂದು 1956ರಲ್ಲಿ ಕೇಂದ್ರ ಸರ್ಕಾರ ಮಾಡಿದ ರಕ್ಷಣಾ ಏರ್ಪಾಡಿನಲ್ಲಿ ಒಂದು ಒಳ್ಳೆಯ ಅಂಶವಿತ್ತು: ಕೆಲಸಕ್ಕೆ ಸೇರುವಾಗಲೇ ರಾಜ್ಯಭಾಷೆ ಬಂದಿರಬೇಕೆಂದಿಲ್ಲ, ಸೇರಿದ ಮೇಲೆ ಪ್ರೊಬೇಷನ್ ಮುಗಿಯುವುದರೊಳಗೆ ಪರೀಕ್ಷೆ ಪಾಸುಮಾಡಬಹುದು. ಕಾಗದದ ಮೇಲಿದ್ದ ಈ ಅವಕಾಶ ನಮ್ಮ ಹಳ್ಳಿಗಳ ಎಷ್ಟು ಕಿವಿಗೆ ಬಿದ್ದಿತ್ತು? ಇನ್ನೊಂದು ಕಡೆ, 1975ರ ರಾಷ್ಟ್ರಪತಿ ಆದೇಶದ ಪ್ರಕಾರ ಜಿಲ್ಲೆಯ ಗುಮಾಸ್ತ ಮಟ್ಟದ ಹುದ್ದೆಗಳಲ್ಲಿ ನೂರಕ್ಕೆ 80 ಸ್ಥಳೀಯರಿಗೆ ಎಂದಿತ್ತು. ಹತ್ತನೆಯ ತರಗತಿ ಮುಗಿಯುವ ಹೊತ್ತಿಗೆ ಸತತ ನಾಲ್ಕು ವರ್ಷ ಇಲ್ಲೇ ಓದಿದವನು ಸ್ಥಳೀಯನಾಗಿದ್ದ. ಕನ್ನಡದ ಆಸೆಗೆ ಪಾವಗಡಕ್ಕೋ ಬಳ್ಳಾರಿಗೋ ಹೋಗಿ ಹೈಸ್ಕೂಲು ಓದಿದ ನಮ್ಮ ಹುಡುಗ, ತಿರುಗಿ ಬಂದರೆ ಸ್ವಂತ ಊರಲ್ಲೇ ಹೊರಗಿನವನಾಗುತ್ತಿದ್ದ!

ಇಷ್ಟರ ನಡುವೆ ಎರಡೂ ಲಿಪಿ ಬಲ್ಲ ಹಳಬರು ಹೋದರು. ಕರ್ನಾಟಕದಲ್ಲಿ ಶಾನಭೋಗಿಕೆ 1963ರಲ್ಲಿ ರದ್ದಾಗಿತ್ತು. ಇಲ್ಲಿ ಎನ್. ಟಿ. ರಾಮರಾವ್ ಸರ್ಕಾರ 1984ರ ಜನವರಿಯಲ್ಲಿ ಕರಣಿಕೆಯನ್ನು ತೆಗೆದುಹಾಕಿತು. ವಂಶದ ಹಕ್ಕು ಹೋದದ್ದು ಸರಿಯೇ. ಹಕ್ಕಿನ ಜೊತೆಗೆ ಆ ಓದುವ ವಿದ್ಯೆಯನ್ನೂ ಬುಟ್ಟಿಗೆ ಹಾಕಿದ್ದು ಮಾತ್ರ ನಷ್ಟ. 1985ರಲ್ಲಿ ತಾಲೂಕು ಹೋಗಿ ಮಂಡಲ ಬಂತು. 2019ರ ಅಕ್ಟೋಬರ್ 2ರಂದು ಗ್ರಾಮ ಸಚಿವಾಲಯ ಬಂತು, ಜೊತೆಗೆ ಡಿಜಿಟಲ್ ಅಸಿಸ್ಟೆಂಟ್ ಎಂಬ ಹೊಸ ಗುಮಾಸ್ತರು. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಬೀರುವಿನಲ್ಲಿರುವ ಹಳೆಯ ಪತ್ರಗಳು ಮಾತ್ರ ಎಲ್ಲಿದ್ದವೋ ಅಲ್ಲೇ ಇವೆ.

ನಮ್ಮ ಕ್ರಯಪತ್ರದ ಕಥೆ ಮುಗಿಸುತ್ತೇನೆ. ತಾತ ಓದುತ್ತಾ ಹೋದರು, ನಾನು ಈಗಿನ ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಅದನ್ನು ಪೇಟೆಯ ಡಿಟಿಪಿ ಅಂಗಡಿಗೆ ಒಯ್ದೆ. ಅಲ್ಲಿ ಟೈಪು ಮಾಡುವ ಹುಡುಗಿ ಮನೆಯಲ್ಲಿ ಕನ್ನಡ ಮಾತಾಡುವವಳು, ಓದಿದ್ದು ತೆಲುಗು. ನಾನು ಕನ್ನಡದಲ್ಲಿ ಹೇಳಿದೆ, ಅವಳು ತೆಲುಗು ಮಾಡಿಕೊಳ್ಳುತ್ತಾ ಕಂಪ್ಯೂಟರಿನಲ್ಲಿ ಹೊಡೆದಳು. ವೀಸ, ಕಾಣಿ ಬಂದಾಗ ಇಬ್ಬರೂ ಕೂಡಿ ಲೆಕ್ಕ ಹಾಕಿದೆವು. ಕೊನೆಯಲ್ಲಿ ‘ಬಿಕಲಂ’ ಎಂದು ಬರೆದು ಅದರ ಮುಂದೆ ಒಂದು ಹೆಸರಿತ್ತು.

“ಇದೇನು ಸರ್ ಬಿಕಲಂ ಅಂದ್ರೆ?” ಅಂದಳು.

“ಪತ್ರ ಬರದೋರ ಹೆಸ್ರಮ್ಮಾ. ಯಾರ ಕಲಮಿನಿಂದ ಬರಸಿದ್ದು ಅಂತ ಹಾಕ್ತಿದ್ರು.”

ಅವಳು ಸ್ವಲ್ಪ ಹೊತ್ತು ತೆರೆಯನ್ನೇ ನೋಡುತ್ತಿದ್ದಳು. ಆಮೇಲೆ, “ಹಂಗಾದ್ರೆ ಇದರ ಕೆಳಗೆ ನನ್ನ ಹೆಸ್ರೂ ಹಾಕ್ಲಾ ಸರ್?” ಎಂದು ಕೇಳಿದಳು.

ಹಾಕಿಸಿದೆ.